ಅದೇ 45 ಕಾರ್ಡು, ಎರಡು ಡೆಕ್: ಒಂದು ಡ್ರಾಫ್ಟಿನ ಪ್ರಕರಣ ಅಧ್ಯಯನ

"ಚಿಕ್ಕಮ್ಮ, ನಂಗೆ ಕಾರ್ಡೇ ಬರ್ಲಿಲ್ಲ."

ನ್ಯಾಷನಲ್ ಕಾಲೇಜು ಮೆಟ್ರೋ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ನನ್ನ ಅಕ್ಕನ ಮಗ ಹೇಳಿದ ಮಾತು ಇದು. ಅವನು ಪಿಯುಸಿ ಓದುವ ಹುಡುಗ. ಮನೆಯಲ್ಲಿ ಎಲ್ಲರೂ ಪುಟ್ಟ ಅಂತಲೇ ಕರೆಯುತ್ತೇವೆ. ಆ ಶನಿವಾರ ಬಸವನಗುಡಿಯಲ್ಲಿ ನನ್ನ ಗೆಳತಿಯ ಮನೆಯಲ್ಲಿ ಎಂಟು ಜನ ಕೂತು ಮ್ಯಾಜಿಕ್ ಅನ್ನೋ ಕಾರ್ಡಾಟದ ಡ್ರಾಫ್ಟ್ ಆಡಿದ್ದೆವು. ಅಲ್ಲೇ ತಲಾ 45 ಕಾರ್ಡು ಆರಿಸಿ, ಅದರಿಂದ ಡೆಕ್, ಅಂದರೆ ಆಡುವ ಕಟ್ಟು, ಮಾಡಿಕೊಂಡು ಆಡೋದು. ಪುಟ್ಟ ಮೂರು ರೌಂಡ್ ಆಡಿ ಮೂರನ್ನೂ ಸೋತಿದ್ದ. ದಾರಿಯುದ್ದಕ್ಕೂ ಮಾತಿಲ್ಲ. ಕೈಯಲ್ಲಿ ಡೆಕ್ ಬಾಕ್ಸ್ ಹಿಡಿದುಕೊಂಡು ಅದರ ಮುಚ್ಚಳವನ್ನು ತೆಗೆಯೋದು, ಹಾಕೋದು ಮಾಡ್ತಿದ್ದ.

ನನಗೆ ಅವನ ಮಾತು ಒಪ್ಪಿಗೆಯಾಗಲಿಲ್ಲ. ಕಾರ್ಡು ಬಂದಿತ್ತು, ಅದೂ ಒಳ್ಳೆಯ ಕಾರ್ಡೇ. 45ರಲ್ಲಿ ಯಾವುದನ್ನು ಡೆಕ್ಕಿಗೆ ಹಾಕಬೇಕು, ಯಾವುದನ್ನು ಬಿಡಬೇಕು ಅನ್ನೋ ಜಾಗದಲ್ಲಿ ಅವನು ಸೋತಿದ್ದ. ಡ್ರಾಫ್ಟ್ ಮುಗಿದ ಮೇಲೆ ಡೆಕ್ ಕಟ್ಟೋಕೆ ನಾವು ಇಪ್ಪತ್ತು ನಿಮಿಷ ಕೊಡುತ್ತೇವೆ. ಅಷ್ಟರಲ್ಲಿ ಕಾಫಿ ಬರುತ್ತೆ, ಚಕ್ಕುಲಿ ಬರುತ್ತೆ, ಮಾತು ಶುರುವಾಗುತ್ತೆ. ಹೊಸಬರು ಆ ಇಪ್ಪತ್ತು ನಿಮಿಷವನ್ನು ಬಿಡುವು ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಸೋಲು ಹುಟ್ಟೋದು ಅಲ್ಲೇ.

ಅದಕ್ಕೇ ಆ ರಾತ್ರಿ ಗೆಳತಿಗೆ ಫೋನ್ ಮಾಡಿದೆ. "ಪುಟ್ಟನ 45 ಕಾರ್ಡು ನಮ್ಮ ಹತ್ರಾನೇ ಇದೆ. ಈ ವಾರ ಯಾರೂ ಡೆಕ್ ಬಿಚ್ಚೋದು ಬೇಡ. ಮುಂದಿನ ಶನಿವಾರ ಅದೇ ಕಾರ್ಡುಗಳಿಂದ ಬೇರೆ ಡೆಕ್ ಕಟ್ಟಿ, ಅದೇ ಮೂರು ಜನರ ಜೊತೆ ಮತ್ತೆ ಆಡಿಸೋಣ" ಅಂದೆ. ಅವಳು ಒಪ್ಪಿದಳು, ಉಳಿದವರೂ ಒಪ್ಪಿದರು. ಈ ಬರಹ ಆ ಎರಡು ಶನಿವಾರಗಳದ್ದು.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು

ನಾವು ಆಡೋದು ಮ್ಯಾಜಿಕ್: ದ ಗ್ಯಾದರಿಂಗ್. ರಿಚರ್ಡ್ ಗಾರ್ಫೀಲ್ಡ್ ಅನ್ನುವವರು ಮಾಡಿದ ಆಟ. 1993ರಲ್ಲಿ ವಿಜಾರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಹೊರತಂದಿತು. ಇಬ್ಬರು ಎದುರುಬದುರು ಕೂರುತ್ತಾರೆ. ತಲಾ 20 ಲೈಫ್. ಮೊದಲಿಗೆ ಕೈಗೆ 7 ಕಾರ್ಡು, ಆಮೇಲೆ ಟರ್ನಿಗೆ ಒಂದು. ಮೊದಲು ಆಡುವವರಿಗೆ ಮಾತ್ರ ಮೊದಲ ಟರ್ನ್‌ನಲ್ಲಿ ಕಾರ್ಡಿಲ್ಲ. ಟರ್ನಿಗೆ ಒಂದು ಲ್ಯಾಂಡ್ ಇಳಿಸಬಹುದು. ಲ್ಯಾಂಡ್ ಕೊಡುವ ಮಾನಾದಿಂದ ಬಾಕಿ ಕಾರ್ಡುಗಳನ್ನು ಆಡಬೇಕು. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಅಂತ ಐದು ಬಣ್ಣ. ಬಿಳಿಗೆ ಪ್ಲೇನ್ಸ್, ಕಪ್ಪಿಗೆ ಸ್ವಾಂಪ್, ಕೆಂಪಿಗೆ ಮೌಂಟನ್, ಹೀಗೆ ಒಂದೊಂದು ಬಣ್ಣಕ್ಕೂ ಅದರದೇ ಲ್ಯಾಂಡ್ ಇದೆ.

ಡ್ರಾಫ್ಟ್ ಅಂದರೆ ಮನೆಯಿಂದ ಡೆಕ್ ತರೋದಲ್ಲ, ಅಲ್ಲೇ ಕೂತು ಕಾರ್ಡು ಆರಿಸಿ ಕಟ್ಟೋದು. ಒಬ್ಬೊಬ್ಬರಿಗೆ ಮೂರು ಪ್ಯಾಕ್. ಪ್ಯಾಕಿನಿಂದ ಒಂದು ಕಾರ್ಡು ಇಟ್ಟುಕೊಂಡು ಉಳಿದದ್ದನ್ನು ಪಕ್ಕದವರಿಗೆ ಕೊಡಬೇಕು. ಮೊದಲ ಪ್ಯಾಕ್ ಎಡಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ. ಕೊನೆಗೆ ಕನಿಷ್ಠ 40 ಕಾರ್ಡಿನ ಡೆಕ್ ಕಟ್ಟಬೇಕು. ಬೇಸಿಕ್ ಲ್ಯಾಂಡ್ ಎಷ್ಟು ಬೇಕಾದರೂ ತಗೋಬಹುದು.

ನಮ್ಮದು ಅಂಗಡಿ ಪ್ಯಾಕ್ ಅಲ್ಲ, ಗೆಳತಿಯ ಕ್ಯೂಬ್. ಅವಳೇ ವರ್ಷಗಟ್ಟಲೆ ಆರಿಸಿ ಕೂಡಿಸಿದ 360 ಕಾರ್ಡು. ಎಲ್ಲವೂ ಯಾವುದಾದರೂ ಒಂದು ಸೆಟ್ಟಿನಲ್ಲಿ ಕಾಮನ್, ಅಂದರೆ ಸುಲಭವಾಗಿ ಸಿಗುವ ದರ್ಜೆಯ ಕಾರ್ಡು, ಆಗಿ ಬಂದಂಥವು, ಒಂದೊಂದು ಒಂದೇ ಪ್ರತಿ. ಕಲೆಸಿ 15ರ ಕಟ್ಟು ಮಾಡಿದರೆ ಎಂಟು ಜನಕ್ಕೆ ತಲಾ ಮೂರು ಕಟ್ಟು ಲೆಕ್ಕಕ್ಕೆ ಸರಿಯಾಗಿ ಬರುತ್ತೆ. ದುಬಾರಿ ಕಾರ್ಡು ಒಂದೂ ಇಲ್ಲ. ಕಲಿಯೋಕೆ ಇದಕ್ಕಿಂತ ಒಳ್ಳೆ ದಾರಿ ನಾನು ನೋಡಿಲ್ಲ.

ಒಂಬತ್ತನೇ ಪಿಕ್

ಪುಟ್ಟನ ಮೊದಲ ಪಿಕ್ ಉಲಾಮೋಗ್ಸ್ ಕ್ರಷರ್. 8 ಮಾನಾ, 8/8 ಕ್ರೀಚರ್. ಕ್ರೀಚರ್ ಅಂದರೆ ನಮ್ಮ ಪರವಾಗಿ ಕಾದಾಡುವ ಜೀವಿ; ಮೊದಲ ಅಂಕಿ ಅದರ ಹೊಡೆತ, ಎರಡನೆಯದು ಅದು ತಾಳುವ ಪೆಟ್ಟು, ಅಂದರೆ ಟಫ್ನೆಸ್. ಬಣ್ಣವಿಲ್ಲ, ಯಾವ ಡೆಕ್ಕಿಗಾದರೂ ಹೋಗುತ್ತೆ. ಅದು ದಾಳಿ ಮಾಡಿದಾಗೆಲ್ಲ ಎದುರಿನವರು ತಮ್ಮ ಎರಡು ಕಾರ್ಡು ಬಲಿ ಕೊಡಬೇಕು. ನೋಡಿದರೆ ಯಾರಿಗಾದರೂ ಆಸೆ ಆಗುತ್ತೆ. ಎರಡನೇ ಪಿಕ್ ಲೈಟ್ನಿಂಗ್ ಬೋಲ್ಟ್, ಒಂದೇ ಕೆಂಪು ಮಾನಾಕ್ಕೆ 3 ಡ್ಯಾಮೇಜ್. 1993ರ ಮೊದಲ ಸೆಟ್ಟಿನಲ್ಲೇ ಇದ್ದ ಕಾರ್ಡು, ಇವತ್ತಿಗೂ ಅದರ ಬೆಲೆ ಕಮ್ಮಿಯಾಗಿಲ್ಲ. ಮೂರನೆಯದು ಡೂಮ್ ಬ್ಲೇಡ್, ಕಪ್ಪಲ್ಲದ ಯಾವ ಕ್ರೀಚರನ್ನಾದರೂ ಕೊಲ್ಲುವ ಕಪ್ಪು ಕಾರ್ಡು. ನಾಲ್ಕನೆಯದು ನೀಲಿಯ ಮಲ್‌ಡ್ರಿಫ್ಟರ್. ನಾಲ್ಕು ಪಿಕ್‌ಗೆ ಮೂರು ಬಣ್ಣ. ಈವರೆಗೆ ತಪ್ಪೇನೂ ಇಲ್ಲ. ಶುರುವಿನಲ್ಲಿ ಒಳ್ಳೇದು ಕಂಡಿದ್ದನ್ನು ತಗೊಂಡು ಹೋಗೋದೇ ಸರಿ.

ನಾನು ನಿಲ್ಲೋದು ಒಂಬತ್ತನೇ ಪಿಕ್‌ನಲ್ಲಿ. ಎಂಟು ಜನರ ಮೇಜಿನಲ್ಲಿ ನೀವು ಬಿಚ್ಚಿದ ಮೊದಲ ಪ್ಯಾಕ್ ಪೂರ್ತಿ ಸುತ್ತು ಹೊಡೆದು ಒಂಬತ್ತನೇ ಪಿಕ್‌ಗೆ ನಿಮ್ಮ ಕೈಗೇ ವಾಪಸ್ ಬರುತ್ತೆ. 15ರಲ್ಲಿ 8 ಹೋಗಿ 7 ಉಳಿದಿರುತ್ತೆ. ಮೊದಲ ಸಲ ಅದರಲ್ಲಿ ಏನಿತ್ತು ಅಂತ ನೆನಪಿದ್ದರೆ, ಮೇಜಿನ ಸುತ್ತ ಕೂತವರು ಏನು ತಗೊಂಡರು, ಏನು ಬಿಟ್ಟರು ಅಂತ ಬಾಯಿ ಬಿಟ್ಟು ಹೇಳಿದ ಹಾಗೆ ಗೊತ್ತಾಗುತ್ತೆ.

ಪುಟ್ಟನ ಮೊದಲ ಪ್ಯಾಕಿನಲ್ಲಿ ಕೋರ್ ಸ್ಕೈಫಿಶರ್ ಇತ್ತು. 2 ಮಾನಾದ ಬಿಳಿ ಕ್ರೀಚರ್, 2/3, ಹಾರುತ್ತೆ. ಈ ಬೆಲೆಗೆ ಇಂಥ ಮೈಕಟ್ಟು ಸಿಗೋದು ಅಪರೂಪ. ಒಂಬತ್ತನೇ ಪಿಕ್‌ನಲ್ಲಿ ಅದು ಇನ್ನೂ ಅಲ್ಲೇ ಇತ್ತು. ನಾನೂ ಅದನ್ನು ನೋಡಿ ಬಿಟ್ಟಿದ್ದೆ, ನನ್ನ ಕೈ ಅಷ್ಟರಲ್ಲಿ ಕೆಂಪು-ಹಸಿರಿಗೆ ಹೋಗಿತ್ತು. ಮಿಕ್ಕ ಆರು ಜನರೂ ಬಿಟ್ಟಿದ್ದರು. ಬಿಳಿ ಬಣ್ಣಕ್ಕೆ ಈ ಮೇಜಿನಲ್ಲಿ ಗಿರಾಕಿ ಕಮ್ಮಿ ಅಂತ ಇದರರ್ಥ. ಒಂದೇ ಕಾರ್ಡಿನಿಂದ ಪೂರ್ತಿ ತೀರ್ಮಾನಕ್ಕೆ ಬರಬಾರದು ನಿಜ. ಆದರೆ ಆಮೇಲಿನ ಪಿಕ್‌ಗಳಲ್ಲೂ ಅದೇ ಕತೆ. ಮೂರನೇ ಪ್ಯಾಕಿನಲ್ಲಿ ಜರ್ನಿ ಟು ನೋವೇರ್ ಐದನೇ ಕೈಗೆ ಬಂದಿತ್ತು. ಎದುರಿನ ಕ್ರೀಚರನ್ನು ಆಟದಿಂದಲೇ ಆಚೆ ಕಳಿಸುವ 2 ಮಾನಾದ ಕಾರ್ಡು ಅಷ್ಟು ದೂರ ಬರಬಾರದು.

ಪುಟ್ಟ ಸ್ಕೈಫಿಶರ್ ತಗೊಂಡ, ಜರ್ನಿಯನ್ನೂ ತಗೊಂಡ. ಆದರೆ ಉಳಿದದ್ದರಲ್ಲಿ ಇದು ಪರವಾಗಿಲ್ಲ ಅಂತ ತಗೊಂಡ, ಬಿಳಿ ಆಡಬೇಕು ಅಂತ ಅಲ್ಲ. ಕೊನೆಗೆ ಎಣಿಸಿದಾಗ ಅವನ 45ರಲ್ಲಿ ಕಪ್ಪು 12, ಬಿಳಿ 13, ನೀಲಿ 8, ಕೆಂಪು 5, ಹಸಿರು 5, ಬಣ್ಣವಿಲ್ಲದ್ದು 2. ಅವನಿಗೆ ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಬಿಳಿ. ಅದು ಅವನಿಗೇ ಗೊತ್ತಿರಲಿಲ್ಲ. ಬಿಳಿ ಕಾರ್ಡೆಲ್ಲ ತಡವಾಗಿ ಬಂದಿದ್ದರಿಂದ ಅವನ ಮನಸ್ಸಿನಲ್ಲಿ ಅದು ಉಳಿಕೆ ಆಗಿಬಿಟ್ಟಿತ್ತು. ಮೊದಲು ಕೈಗೆ ಬಂದದ್ದು ಬಂಗಾರ, ಆಮೇಲೆ ಬಂದದ್ದು ಹಿತ್ತಾಳೆ ಅನ್ನೋ ಲೆಕ್ಕ.

ಮೊದಲ ಡೆಕ್

ಅವನು ಕಟ್ಟಿದ್ದು ಕಪ್ಪು, ನೀಲಿ, ಕೆಂಪು ಮೂರೂ ಸೇರಿದ ಡೆಕ್. ಕಪ್ಪು 11, ನೀಲಿ 8, ಕೆಂಪು 5, ಬಣ್ಣವಿಲ್ಲದ್ದು 2. ಒಟ್ಟು 26. ಲ್ಯಾಂಡ್ 16: ಸ್ವಾಂಪ್ 7, ಐಲ್ಯಾಂಡ್ 6, ಮೌಂಟನ್ 3. ಅಲ್ಲಿಗೆ 42 ಕಾರ್ಡು. "ಇನ್ನೆರಡು ತೆಗೀಬೇಕಿತ್ತು, ಆದ್ರೆ ಯಾವ್ದು ತೆಗೀಲಿ ಅಂತ ಗೊತ್ತಾಗ್ಲಿಲ್ಲ" ಅಂದ. ಅವನ ಕಷ್ಟ ನನಗೆ ಅರ್ಥವಾಗುತ್ತೆ. ಒಂದೊಂದು ಕಾರ್ಡೂ ತಾನೇ ಆರಿಸಿದ್ದು, ಬಿಡೋಕೆ ಮನಸ್ಸು ಬರಲ್ಲ.

ಮೂರು ಸೋಲನ್ನೂ ಬಿಡಿಸಿ ಹೇಳಲ್ಲ, ಎರಡನೆಯದು ಸಾಕು. ಎದುರಿಗೆ ಇದ್ದವರು ಹಸಿರು ಡೆಕ್ ಆಡುವ ಒಬ್ಬ ಹಿರಿಯರು. ನಾವೆಲ್ಲ ಅವರನ್ನು ಮೇಷ್ಟ್ರು ಅಂತೀವಿ. ಮೊದಲ ಟರ್ನಿಗೆ ಲಾನೋವರ್ ಎಲ್ವ್ಸ್ ಇಳಿಸಿದರು. ಅದರಿಂದ ಮಾನಾ ಬೇಗ ಬೆಳೆದು ಮೂರನೇ ಟರ್ನಿಗೇ 4 ಮಾನಾದ ಪೆನಂಬ್ರಾ ಸ್ಪೈಡರ್ ಬಂತು. ಪುಟ್ಟನ ಎರಡನೇ ಟರ್ನ್ ಖಾಲಿ ಹೋಯಿತು. ಮೂರನೆಯದೂ ಖಾಲಿ. ಕೈಯಲ್ಲಿ ಚಿಟರಿಂಗ್ ರ್ಯಾಟ್ಸ್ ಇತ್ತು, ಅದಕ್ಕೆ ಎರಡು ಕಪ್ಪು ಮಾನಾ ಬೇಕು. ಅವನ ಮುಂದೆ ಇದ್ದದ್ದು ಎರಡು ಐಲ್ಯಾಂಡ್, ಒಂದು ಸ್ವಾಂಪ್. ಬೋಲ್ಟ್ ಇತ್ತು, ಮೌಂಟನ್ ಇಲ್ಲ. ಆಮೇಲೆ ಡೂಮ್ ಬ್ಲೇಡಿನಿಂದ ಸ್ಪೈಡರನ್ನು ಕೊಂದ. ಆ ಸ್ಪೈಡರ್ ಸತ್ತರೆ ಅದರ ಜಾಗಕ್ಕೆ ಅಂಥದ್ದೇ 2/4 ಟೋಕನ್ ಒಂದು ಬರುತ್ತೆ. ಬಂತು. ಮೇಷ್ಟ್ರು ಅದಕ್ಕೆ ರ‍್ಯಾಂಕರ್ ಅನ್ನೋ ಬಲ ಹೆಚ್ಚಿಸುವ ಕಾರ್ಡು ಅಂಟಿಸಿ ಹೊಡೆದರು. ಏಳನೇ ಟರ್ನಿಗೆ ಪುಟ್ಟನ ಲೈಫ್ ಮುಗಿಯಿತು. ಕೈಯಲ್ಲಿ ಇನ್ನೂ 5 ಕಾರ್ಡಿತ್ತು. ಅದರಲ್ಲಿ ಕ್ರಷರ್ ಒಂದು.

ನಮ್ಮ ಅಜ್ಜಿ ರಮ್ಮಿ ಆಡುವಾಗ ಒಂದು ಮಾತು ಹೇಳೋರು. ಜೋಕರ್ ಇದೆ ಅಂತ ಕೂತವನ ಕೈಯಲ್ಲೇ 80 ಪಾಯಿಂಟ್ ಉಳಿಯೋದು. ಪುಟ್ಟನ ಆ ಐದು ಕಾರ್ಡು ನೋಡಿದಾಗ ನನಗೆ ಅಜ್ಜಿಯೇ ಕಣ್ಣಮುಂದೆ ಬಂದರು.

ನೆಲದ ಮೇಲೆ 45 ಕಾರ್ಡು

ಭಾನುವಾರ ಬೆಳಿಗ್ಗೆ ಬನಶಂಕರಿಯ ನಮ್ಮ ಮನೆಯ ಹಾಲಿನಲ್ಲಿ ಚಾಪೆ ಹಾಸಿ ಅಷ್ಟೂ ಕಾರ್ಡನ್ನು ಹರಡಿದೆವು. ಬಣ್ಣದ ಪ್ರಕಾರ ಅಲ್ಲ, ಮಾನಾ ಪ್ರಕಾರ. ಎಡಗಡೆ 1, ಆಮೇಲೆ 2, 3, 4, ಬಲತುದಿಗೆ 5 ಮತ್ತು ಮೇಲೆ. ಮೊದಲು ಶನಿವಾರದ ಡೆಕ್ಕನ್ನು ಹಾಗೆ ಜೋಡಿಸಿದೆ. 2 ಮಾನಾದ ಸಾಲಿನಲ್ಲಿ ಕ್ರೀಚರ್ ಇದ್ದದ್ದು ಮೂರೇ ಮೂರು. 5 ಮತ್ತು ಮೇಲಿನ ಸಾಲಿನಲ್ಲಿ 8. ಪುಟ್ಟ ಅದನ್ನು ನೋಡಿ ಸುಮ್ಮನಾದ. ನಾನೂ ಏನೂ ಹೇಳಲಿಲ್ಲ. ಚಾಪೆಯ ಬಲಗಡೆ ಉದ್ದಕ್ಕೆ ಇಳಿದಿತ್ತು, ಎಡಗಡೆ ಬರಿದಾಗಿತ್ತು.

ಆಮೇಲೆ ಲೆಕ್ಕಕ್ಕೆ ಕೂತೆವು. ಅವನಿಗೆ ಗಣಿತ ಇಷ್ಟ, ಕ್ಯಾಲ್ಕುಲೇಟರ್ ಅವನೇ ತಂದ. ಕಾಂಬಿನೇಷನ್ ಅವರ ಸಿಲಬಸ್ಸಿನಲ್ಲೇ ಇದೆ.

ಮೊದಲು ಕ್ರಷರ್. 42ರಲ್ಲಿ 16 ಲ್ಯಾಂಡ್ ಅಂದರೆ ಸರಾಸರಿ 8 ಲ್ಯಾಂಡ್ ಕಾಣೋಕೆ 21 ಕಾರ್ಡು ನೋಡಬೇಕು. ಮೊದಲ 7 ಬಿಟ್ಟರೆ ಇನ್ನೂ 14 ಕಾರ್ಡು. ಎರಡನೆಯವನಾಗಿ ಆಡಿದರೂ ಅದು 14ನೇ ಟರ್ನ್. ಅವನ ಆಟಗಳು ಮುಗಿದದ್ದು ಏಳೆಂಟನೇ ಟರ್ನಿಗೆ. "ಹಾಗಾದ್ರೆ ಇದು ನನ್ನ ಡೆಕ್ಕಲ್ಲಿ ಇರ್ಲೇ ಇಲ್ಲ ಅಂದಂಗೆ" ಅಂದ.

ಆಮೇಲೆ ಬೋಲ್ಟ್. 42ರಲ್ಲಿ 3 ಮೌಂಟನ್. 9 ಕಾರ್ಡು ನೋಡಿದಾಗ ಅದರಲ್ಲಿ ಒಂದಾದರೂ ಮೌಂಟನ್ ಇರುವ ಸಾಧ್ಯತೆ 100ಕ್ಕೆ 52. ಒಂದು ಮಾನಾದ ಕಾರ್ಡನ್ನು ಮೂರನೇ ಟರ್ನಿಗೆ ಆಡೋಕೂ ನಾಣ್ಯ ಚಿಮ್ಮಬೇಕು. ಬೇಗ ಆಡಬಹುದು ಅನ್ನೋದೇ ಬೋಲ್ಟಿನ ಶಕ್ತಿ. ಮೂರು ಬಣ್ಣದ ಡೆಕ್ಕಿಗೆ ಹಾಕಿ ಆ ಶಕ್ತಿಯನ್ನೇ ಕಿತ್ತುಕೊಂಡಿದ್ದ.

ಮೂರನೇ ಲೆಕ್ಕ ಲ್ಯಾಂಡಿನದು. ಮೊದಲ 7 ಕಾರ್ಡಿನಲ್ಲಿ ಲ್ಯಾಂಡೇ ಇಲ್ಲದಿರುವುದು ಅಥವಾ ಒಂದೇ ಇರುವುದು: 42ಕ್ಕೆ 16 ಆದರೆ 100ಕ್ಕೆ 16 ಸಲ, 40ಕ್ಕೆ 17 ಆದರೆ ಹತ್ತೂವರೆ ಸಲ. ಒಂದು ಲ್ಯಾಂಡ್ ಹಾಕಿ ಬೇರೆ ಮೂರು ಕಾರ್ಡು ತೆಗೆದದ್ದಕ್ಕೆ ಇಷ್ಟು ವ್ಯತ್ಯಾಸ. ಕೈ ಚೆನ್ನಾಗಿಲ್ಲದಿದ್ದರೆ ಬದಲಿಸಿಕೊಳ್ಳೋಕೆ ಮಲಿಗನ್ ಇದೆ ನಿಜ. 2019ರಿಂದ ಬಂದ ನಿಯಮದಲ್ಲಿ ಮತ್ತೆ 7 ತೆಗೆದು, ನೋಡಿ, ಒಂದನ್ನು ಡೆಕ್ಕಿನ ತಳಕ್ಕೆ ಇಡಬೇಕು. ಆದರೂ ಒಂದು ಕಾರ್ಡು ಕಮ್ಮಿ ಆಯಿತಲ್ಲ.

ಇಷ್ಟಾದ ಮೇಲೆ ನೀಲಿ, ಕೆಂಪು, ಹಸಿರನ್ನು ಪೂರ್ತಿ ಪಕ್ಕಕ್ಕೆ ಸರಿಸಿದೆ. ಕ್ರಷರನ್ನೂ ಸರಿಸಿದೆ. "ಬೋಲ್ಟ್ ಬಿಡೋದಾ? ಮಲ್‌ಡ್ರಿಫ್ಟರೂ?" ಅಂತ ಕೇಳಿದ. ಅವನ ಮುಖ ನೋಡಿ ನನಗೂ ಕಷ್ಟವಾಯಿತು. ಹೊಸ ಆಟಗಾರನಿಗೆ ಇದಕ್ಕಿಂತ ಕಠಿಣವಾದ ಹೆಜ್ಜೆ ಬೇರೆ ಇಲ್ಲ. ಕೈಯಲ್ಲಿರುವ ಅತಿ ಒಳ್ಳೆಯ ಕಾರ್ಡನ್ನು, ಮೊದಲು ಆರಿಸಿದ ಕಾರ್ಡನ್ನು, ಸೈಡ್‌ಬೋರ್ಡಿನಲ್ಲಿ, ಅಂದರೆ ಡೆಕ್ಕಿನ ಹೊರಗೆ, ಕೂರಿಸೋದು. ಪಿಕ್ ಮಾಡಿದ ಕ್ಷಣದಲ್ಲಿ ಅದಕ್ಕೆ ಕೊಟ್ಟ ಬೆಲೆ ವಾಪಸ್ ಬರಲ್ಲ. ಈಗ ನೋಡಬೇಕಾದ್ದು 40 ಕಾರ್ಡು ಒಟ್ಟಿಗೆ ಏನು ಮಾಡುತ್ತವೆ ಅನ್ನೋದು ಮಾತ್ರ.

ಉಳಿದದ್ದು ಕಪ್ಪು 12, ಬಿಳಿ 13. ಬಿಳಿಯಲ್ಲಿ ಎರಡು ತೆಗೆದೆವು. 23 ಆಯಿತು. ಕ್ರೀಚರ್ 15, ಬೇರೆ ಕಾರ್ಡು 8. ಲ್ಯಾಂಡ್ 17. ಈ ಸಲ ಚಾಪೆಯ ಮೇಲೆ ಸಾಲು ನೋಡಿದರೆ 2 ಮಾನಾದ ಕ್ರೀಚರ್ 6, 3 ಮಾನಾದ್ದು 5. 5 ಮತ್ತು ಮೇಲೆ ಎರಡೇ. ಎರಡನೆಯವನಾಗಿ ಆಡುವಾಗ ಎರಡನೇ ಟರ್ನಿಗೆ 2 ಮಾನಾದ ಕ್ರೀಚರ್ ಒಂದಾದರೂ ಕೈಗೆ ಬಂದಿರುವ ಸಾಧ್ಯತೆ ಮೊದಲು 100ಕ್ಕೆ 52 ಇತ್ತು, ಈಗ 81.

ಲ್ಯಾಂಡ್ ಹಂಚುವಾಗ ಪುಟ್ಟ ಕಾರ್ಡುಗಳ ಲೆಕ್ಕ ನೋಡಿ ಸರಿಸಮ ಮಾಡೋಣ ಅಂದ. ನಾನು ಬೇಡ ಅಂದೆ. ಎಷ್ಟು ಕಾರ್ಡು ಅನ್ನೋದಕ್ಕಿಂತ ಅವುಗಳ ಬೆಲೆಯಲ್ಲಿ ಯಾವ ಬಣ್ಣದ ಮಾನಾ ಗುರುತು ಎಷ್ಟು ಸಲ ಬೇಕು ಅಂತ ನೋಡಬೇಕು. ಚಿಟರಿಂಗ್ ರ್ಯಾಟ್ಸ್, ಲಿಲಿಯಾನಾಸ್ ಸ್ಪೆಕ್ಟರ್, ಗ್ರೇ ಮರ್ಚೆಂಟ್, ಸೈನ್ ಇನ್ ಬ್ಲಡ್, ನಾಲ್ಕಕ್ಕೂ ಎರಡೆರಡು ಕಪ್ಪು ಬೇಕು. ಬಿಳಿಯ ಕಾರ್ಡುಗಳಿಗೆ ಒಂದೊಂದು ಸಾಕು. ಹಾಗಾಗಿ ಸ್ವಾಂಪ್ 9, ಪ್ಲೇನ್ಸ್ 8. ಎರಡನೆಯವನಾಗಿ ಆಡಿದಾಗ ಮೂರನೇ ಟರ್ನಿಗೆ ಎರಡು ಸ್ವಾಂಪ್ ಕಂಡಿರುವ ಸಾಧ್ಯತೆ ಹಳೇ ಡೆಕ್ಕಿನಲ್ಲಿ 100ಕ್ಕೆ 54, ಹೊಸದರಲ್ಲಿ 73. ರ್ಯಾಟ್ಸ್ ಕೈಯಲ್ಲೇ ಕೊಳೆತ ಆ ಆಟ ಅವನಿಗೆ ನೆನಪಿತ್ತು. ಈ ಸಂಖ್ಯೆ ಬಂದಾಗ ಅವನೇ ಅದನ್ನು ಪುಸ್ತಕದಲ್ಲಿ ಬರೆದುಕೊಂಡ.

ಈಗ ಸ್ಕೈಫಿಶರಿನ ವಿಷಯ. ಈ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದೇ. ಆ ಕಾರ್ಡಿನಲ್ಲಿ ಒಂದು ಷರತ್ತಿದೆ: ಅದು ಇಳಿದಾಗ ಮೇಜಿನ ಮೇಲಿರುವ ನಿಮ್ಮದೇ ಒಂದು ಪರ್ಮನೆಂಟನ್ನು (ಲ್ಯಾಂಡ್, ಕ್ರೀಚರ್, ಹೀಗೆ ಇಳಿಸಿದ ಮೇಲೆ ಮೇಜಿನ ಮೇಲೇ ಉಳಿಯುವ ಕಾರ್ಡು) ಕೈಗೆ ವಾಪಸ್ ತಗೋಬೇಕು. "ನನ್ನ ಕಾರ್ಡು ನಾನೇ ಯಾಕೆ ವಾಪಸ್ ತಗೋಬೇಕು? ನಷ್ಟ ಅಲ್ವಾ?" ಅಂತ ಪುಟ್ಟ ಕೇಳಿದ. ಶನಿವಾರ ಅದನ್ನು ಹೊರಗಿಟ್ಟದ್ದೂ ಅದಕ್ಕೇ. ನಾನು ಚಾಪೆಯ ಮೇಲೆ ಫೈರೆಕ್ಸಿಯನ್ ರೇಜರ್ ಇಟ್ಟೆ. 3 ಮಾನಾ, 2/2, ಇಳಿದಾಗ ಒಂದು ಕಾರ್ಡು ಕೊಟ್ಟು ಒಂದು ಲೈಫ್ ಕಳೆಯುತ್ತೆ. ಅದರ ಪಕ್ಕಕ್ಕೆ ಸ್ಕೈಫಿಶರ್ ಇಟ್ಟು ರೇಜರನ್ನು ಅವನ ಕೈಗೆ ಕೊಟ್ಟೆ. "ಮುಂದಿನ ಟರ್ನ್ ಏನು ಮಾಡ್ತೀಯಾ?" ಎರಡು ಕ್ಷಣ ನೋಡಿದ. "ಮತ್ತೆ ಇಳಿಸ್ತೀನಿ... ಮತ್ತೆ ಕಾರ್ಡು!" ಅಂದವನೇ ಎದ್ದು ಕೂತ. ಆಮೇಲೆ ನಾನು ಹೇಳಬೇಕಾದ್ದೇನೂ ಉಳಿಯಲಿಲ್ಲ. ರ್ಯಾಟ್ಸ್ ವಾಪಸ್ ತಗೊಂಡರೆ ಎದುರಿನವರ ಕೈಯಿಂದ ಇನ್ನೊಂದು ಕಾರ್ಡು ಡೆಕ್ಕಿನ ಮೇಲಕ್ಕೆ. ಸ್ಪೆಕ್ಟರ್ ತಗೊಂಡರೆ ಅವರು ಕೈಯಿಂದ ಇನ್ನೊಂದು ಕಾರ್ಡು ಎಸೆಯಬೇಕು. ಲೋನ್ ಮಿಷನರಿ ತಗೊಂಡರೆ ಇನ್ನು 4 ಲೈಫ್. ಏನೂ ಇಲ್ಲದಿದ್ದರೆ ಬಳಸಿದ ಒಂದು ಲ್ಯಾಂಡ್ ವಾಪಸ್ ತಗೊಂಡು, ಆ ಟರ್ನ್ ಲ್ಯಾಂಡ್ ಇಳಿಸದೆ ಉಳಿಸಿಕೊಂಡಿದ್ದರೆ ಅದನ್ನೇ ಮತ್ತೆ ಇಳಿಸಬಹುದು.

ಒಂದೇ ಕಾರ್ಡು. ಕಪ್ಪು-ನೀಲಿ-ಕೆಂಪು ಡೆಕ್ಕಿನವನಿಗೆ ಬರೀ ಉಳಿಕೆ, ಈ ಡೆಕ್ಕಿಗೆ ಎಂಜಿನ್. ಒಂದು ಕಾರ್ಡು ಒಳ್ಳೇದಾ ಕೆಟ್ಟದ್ದಾ ಅಂತ ಒಂಟಿಯಾಗಿ ಕೇಳಿದರೆ ಉತ್ತರ ಸಿಗಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಗ್ರೇ ಮರ್ಚೆಂಟೂ ಹಾಗೇ. 5 ಮಾನಾ, 2/4. ಅದು ಇಳಿದಾಗ ನಿಮ್ಮ ಪರ್ಮನೆಂಟುಗಳ ಬೆಲೆಯಲ್ಲಿ ಎಷ್ಟು ಕಪ್ಪು ಗುರುತು ಇವೆಯೋ ಅಷ್ಟು ಲೈಫ್ ಎದುರಿನವರಿಗೆ ಕಮ್ಮಿಯಾಗುತ್ತೆ, ನಿಮಗೆ ಬರುತ್ತೆ. ಅದೊಂದೇ ಇದ್ದರೆ 2. ಜೊತೆಗೆ ರ್ಯಾಟ್ಸ್ ಮತ್ತು ಸ್ಪೆಕ್ಟರ್ ಇದ್ದರೆ 6. ಮೂರು ಬಣ್ಣ ಹರಡಿದ್ದ ಡೆಕ್ಕಿನಲ್ಲಿ ಅದರ ಅರ್ಧ ಬೆಲೆಯೂ ಸಿಕ್ಕಿರಲಿಲ್ಲ. ಅದು ಸತ್ತರೆ ಗ್ರೇವ್‌ಡಿಗ್ಗರ್ ಅದನ್ನು ಗ್ರೇವ್‌ಯಾರ್ಡಿನಿಂದ, ಅಂದರೆ ಸತ್ತ ಮತ್ತು ಬಳಸಿದ ಕಾರ್ಡು ಹೋಗುವ ಗುಡ್ಡೆಯಿಂದ, ಕೈಗೆ ತಂದುಕೊಡುತ್ತೆ.

ಒಂದು ಕಡೆ ಮಾತ್ರ ನಮಗೆ ವಾದ ಆಯಿತು. ಗುರ್ಮಾಗ್ ಆ್ಯಂಗ್ಲರ್ 7 ಮಾನಾದ 5/5, ಆದರೆ ಗ್ರೇವ್‌ಯಾರ್ಡಿನ ಕಾರ್ಡುಗಳನ್ನು ಆಚೆ ಹಾಕಿ ಬೆಲೆ ಇಳಿಸಿಕೊಳ್ಳಬಹುದು. ಗ್ರೇವ್‌ಡಿಗ್ಗರಿಗೂ ಅದೇ ಗ್ರೇವ್‌ಯಾರ್ಡ್ ಬೇಕು. ಚೈನರ್ಸ್ ಈಡಿಕ್ಟ್ ಅನ್ನೋ ಕಾರ್ಡನ್ನೂ ಅಲ್ಲಿಂದಲೇ ಎರಡನೇ ಸಲ ಆಡಬೇಕು. ಮೂರೂ ಒಂದೇ ತಟ್ಟೆಗೆ ಕೈ ಹಾಕುತ್ತವೆ. ನಾನು ಆ್ಯಂಗ್ಲರ್ ತೆಗೆಯೋಣ ಅಂದೆ. ಒಂದೇ ಇದ್ದರೆ ತೊಂದರೆ ಇಲ್ಲ, ಯಾವುದನ್ನು ಆಚೆ ಹಾಕಬೇಕು ಅಂತ ನೋಡಿಕೊಂಡು ಆಡ್ತೀನಿ ಅಂದ ಪುಟ್ಟ. ಉಳಿಸಿಕೊಂಡೆವು. ಅವನು ಹೇಳಿದ್ದೇ ಸರಿ ಅಂತ ಈಗ ನನಗೆ ಅನಿಸುತ್ತೆ.

ಎರಡನೇ ಶನಿವಾರ

ಅದೇ ಮೂರು ಜನ, ಅದೇ ಅವರ ಡೆಕ್ಕುಗಳು. ಪ್ರತಿ ರೌಂಡೂ ಮೂರರಲ್ಲಿ ಎರಡು ಗೆದ್ದವರದ್ದು. ಪುಟ್ಟ ಎರಡು ರೌಂಡ್ ಗೆದ್ದ, ಒಂದು ಸೋತ. ಮೂರು ರೌಂಡಿನಿಂದ ಏನನ್ನೂ ಸಾಬೀತು ಮಾಡೋಕೆ ಆಗಲ್ಲ, ಅದೃಷ್ಟ ಅಷ್ಟರಮಟ್ಟಿಗೆ ಇದ್ದೇ ಇರುತ್ತೆ. ಎದುರಿನವರ ಡೆಕ್ಕಿನಲ್ಲಿ ಏನಿದೆ ಅಂತ ಅವನಿಗೆ ಗೊತ್ತಿತ್ತು, ಅದೂ ಒಂದು ಲಾಭ. ಹಾಗಾಗಿ ನಾನು ನೋಡುತ್ತಿದ್ದದ್ದು ಸೋಲು-ಗೆಲುವನ್ನಲ್ಲ, ಆಟ ಮುಗಿದಾಗ ಅವನ ಕೈಯಲ್ಲಿ ಎಷ್ಟು ಕಾರ್ಡು ಆಡದೆ ಉಳಿದಿವೆ ಅನ್ನೋದನ್ನ. ಮೊದಲ ವಾರ ಐದು, ನಾಲ್ಕು, ಹೀಗೆ ಉಳಿಯುತ್ತಿತ್ತು. ಈ ವಾರ ಒಂದು, ಕೆಲವು ಸಲ ಸೊನ್ನೆ. ಸೋತ ರೌಂಡಿನಲ್ಲೂ ಅಷ್ಟೇ.

ಮೇಷ್ಟ್ರ ಜೊತೆಗಿನ ಆಟವನ್ನು ನಾನು ಹಿಂದೆ ನಿಂತು ನೋಡಿದೆ. ಅವರು ಮತ್ತೆ ಎಲ್ವ್ಸ್, ಮತ್ತೆ ಬೇಗ ಸ್ಪೈಡರ್. ಪುಟ್ಟ ಎರಡನೇ ಟರ್ನಿಗೆ ಮಿಷನರಿ, ಮೂರನೆಯದಕ್ಕೆ ರೇಜರ್. ನಾಲ್ಕನೇ ಟರ್ನಿಗೆ ಸ್ಕೈಫಿಶರ್ ಇಳಿಸಿ ರೇಜರನ್ನು ಕೈಗೆ ತಗೊಂಡ. ಇನ್ನೂ ಎರಡು ಮಾನಾ ಉಳಿದಿತ್ತು. ಕೈಯಲ್ಲಿ ಡೂಮ್ ಬ್ಲೇಡೂ ಇತ್ತು, ಜರ್ನಿಯೂ ಇತ್ತು. ಅವನ ಬೆರಳು ಡೂಮ್ ಬ್ಲೇಡಿನ ಮೇಲೆ ಹೋಗಿ ನಿಂತಿತು. ಆಮೇಲೆ ಪಕ್ಕಕ್ಕೆ ಸರಿದು ಜರ್ನಿ ಎತ್ತಿತು. ಜರ್ನಿ ಕೊಲ್ಲಲ್ಲ, ಆಟದಿಂದ ಆಚೆ ಕಳಿಸುತ್ತೆ. ಸ್ಪೈಡರ್ ಸಾಯದಿದ್ದರೆ ಎರಡನೇ ಸ್ಪೈಡರ್ ಹುಟ್ಟೋದೂ ಇಲ್ಲ. ಮೇಷ್ಟ್ರು ಕನ್ನಡಕ ತೆಗೆದು ಅವನ ಮುಖವನ್ನೇ ನೋಡಿ "ಶಭಾಷ್ ಮರಿ" ಅಂದರು. ಡೂಮ್ ಬ್ಲೇಡ್ ರ‍್ಯಾಂಕರ್ ಹೊತ್ತು ಬಂದ ಬೇರೆ ಕ್ರೀಚರಿಗೆ ಆಮೇಲೆ ಕೆಲಸಕ್ಕೆ ಬಂತು. ಕೊನೆಗೆ ರೇಜರ್, ರ್ಯಾಟ್ಸ್ ಇರುವಾಗ ಮರ್ಚೆಂಟ್ ಇಳಿಸಿದ. ಒಂದು, ಎರಡು, ಎರಡು. ಬೆರಳಿಟ್ಟು ಗುರುತು ಎಣಿಸಿ "ಐದು" ಅಂದ. ಮೇಷ್ಟ್ರಿಗೆ ಉಳಿದಿದ್ದದ್ದು ನಾಲ್ಕು.

ಸೋತ ರೌಂಡ್ ನೀಲಿ-ಕೆಂಪು ಡೆಕ್ಕಿನ ಎದುರಿಗೆ. ಅದರಲ್ಲಿ ನಾನು ಭಾನುವಾರ ಗಮನಿಸದೆ ಬಿಟ್ಟ ಒಂದು ವಿಷಯ ಹೊರಗೆ ಬಂತು. 2 ಮಾನಾ, 3 ಮಾನಾ ಅಂತ ಸಾಲು ತುಂಬಿಸೋ ಭರದಲ್ಲಿ ಅವುಗಳ ಟಫ್ನೆಸ್ ನೋಡಿರಲಿಲ್ಲ. ಮಿಷನರಿ 2/1. ಸ್ಪೆಕ್ಟರ್ 2/1. ಪೋರ್ಸಲಿನ್ ಲೀಜನೇರ್ 3/1. ಎದುರಿನವರ ಹತ್ತಿರ ಎಲೆಕ್ಟ್ರಿಕರಿ ಇತ್ತು. 3 ಮಾನಾ ಕೊಟ್ಟು ಓವರ್‌ಲೋಡ್ ಮಾಡಿದರೆ ಎದುರಿನ ಎಲ್ಲ ಕ್ರೀಚರಿಗೂ ಒಂದೊಂದು ಡ್ಯಾಮೇಜ್. ನಿರ್ಣಾಯಕ ಆಟದಲ್ಲಿ ಪುಟ್ಟನ ಮುಂದೆ ಇದ್ದದ್ದು ಇವೇ ಮೂರು. ಒಂದು ಕಾರ್ಡಿಗೆ ಮೂರೂ ಹೋದವು. ಅಲ್ಲಿಂದ ಅವನಿಗೆ ಚೇತರಿಸಿಕೊಳ್ಳೋಕೆ ಆಗಲಿಲ್ಲ.

ಆಟ ಮುಗಿದ ಮೇಲೆ ಗೆಳತಿ ಕಾಫಿ ತಂದಿಟ್ಟಳು. ಪುಟ್ಟ ಲೋಟ ಮುಟ್ಟಲಿಲ್ಲ. ಎದುರಿನವರನ್ನು ಕೇಳಿಕೊಂಡು ಆ ನಾಲ್ಕನೇ ಟರ್ನನ್ನು ಮತ್ತೆ ಮೇಜಿನ ಮೇಲೆ ಜೋಡಿಸಿದ. ನಾಲ್ಕು ಲ್ಯಾಂಡ್, ಮಿಷನರಿ, ಸ್ಪೆಕ್ಟರ್. ಕೈಯಲ್ಲಿ ಲೀಜನೇರ್ ಮತ್ತು ವೆಟರನ್ ಆರ್ಮರರ್. ಆವಾಗ ಅವನು 3 ಮಾನಾ ಕೊಟ್ಟು ಲೀಜನೇರ್ ಒಂದನ್ನೇ ಇಳಿಸಿದ್ದ. ಆರ್ಮರರ್ 2 ಮಾನಾದ 2/2, ತನ್ನ ಜೊತೆಗಿರುವ ಎಲ್ಲ ಕ್ರೀಚರಿಗೂ ಟಫ್ನೆಸ್ ಒಂದು ಜಾಸ್ತಿ ಮಾಡುತ್ತೆ.

ಲೀಜನೇರನ್ನು ಎತ್ತಿ ಅದರ ಬೆಲೆಯನ್ನು ಹತ್ತಿರದಿಂದ ನೋಡಿದ. ಬಿಳಿ ಗುರುತಿನ ಜಾಗದಲ್ಲಿ ಫೈರೆಕ್ಸಿಯನ್ ಗುರುತಿದೆ, ಅದಕ್ಕೆ ಮಾನಾ ಬದಲು 2 ಲೈಫ್ ಕೊಡಬಹುದು.

"ಚಿಕ್ಕಮ್ಮ, ಎರಡು ಲೈಫ್ ಕೊಟ್ಟಿದ್ರೆ ಇದು ಎರಡೇ ಮಾನಾಕ್ಕೆ ಇಳೀತಿತ್ತು. ಉಳಿದ ಎರಡಕ್ಕೆ ಆರ್ಮರರ್." ಎರಡನ್ನೂ ಮೇಜಿನ ಮೇಲೆ ಇಟ್ಟ. ಎದುರಿನವರ ಎಲೆಕ್ಟ್ರಿಕರಿಯನ್ನು ತಾನೇ ತಿರುಗಿಸಿ ಇಟ್ಟ. ನಾಲ್ಕು ಕ್ರೀಚರನ್ನೂ ಒಂದೊಂದಾಗಿ ಮುಟ್ಟಿ ನೋಡಿದ. "ಒಂದೂ ಸಾಯ್ತಿರ್ಲಿಲ್ಲ."

ಎದುರಿನವರು ತಮ್ಮ ಡೆಕ್ ಎತ್ತಿಕೊಂಡು ಕಲೆಸೋಕೆ ಶುರು ಮಾಡಿದರು. "ಬಾ, ಅಲ್ಲಿಂದಲೇ ಆಡೋಣ."